ಅವ್ವ ಹಾಲಿಗೆ ಹೋದ ಚಳಿಗಾಲ

ಆ ದಿನಗಳಲ್ಲಿ ನಮ್ಮ ಓಣಿಯ ಹೆಂಗಸರು ಸುಮ್ಮನೆ ನಡೆಯುತ್ತಿರಲಿಲ್ಲ. ನೀರಿಗೆ ಹೋಗುತ್ತಿದ್ದರು, ಗಿರಣಿಗೆ ಹೋಗುತ್ತಿದ್ದರು, ಗುಡಿಗೆ ಹೋಗುತ್ತಿದ್ದರು. ಕೈಯಲ್ಲೊಂದು ಕೊಡವೋ ಚೀಲವೋ, ಕಂಕುಳಲ್ಲೊಂದು ಕೂಸೋ ಇರಲೇಬೇಕು. ಬರಿಗೈಯಲ್ಲಿ ಹೊರಟವಳನ್ನು ಕಟ್ಟೆಯ ಮೇಲೆ ಕೂತವರು ಒಬ್ಬರಾದ ಮೇಲೊಬ್ಬರು "ಎಲ್ಲಿಗೆ ಹೊಂಟೀಯವ್ವಾ?" ಎಂದು ಕೇಳುತ್ತಿದ್ದರು. ಉತ್ತರ ಇಲ್ಲದವಳು ತೆಪ್ಪಗೆ ಮನೆಯೊಳಗಿರಬೇಕು. ಬೆಳಿಗ್ಗೆ ಎದ್ದು ಬೂಟು ಹಾಕಿಕೊಂಡು ಮೈದಾನ ಸುತ್ತುವ ಇಂದಿನವರಿಗೆ ಇದು ನಗು ತರಿಸಬಹುದು. ನನಗೂ ನಗು ಬರುತ್ತದೆ. ಆದರೆ ಆ ಒಂದು ಚಳಿಗಾಲದಲ್ಲಿ ಈ ಪ್ರಶ್ನೆಗೆ ನಮ್ಮವ್ವ ಹೆದರಿದಷ್ಟು ಕಾಯಿಲೆಗೂ ಹೆದರಿರಲಿಲ್ಲ.

ನಾವಿದ್ದದ್ದು ಸಿರುಗುಪ್ಪದಲ್ಲಿ. ಅಪ್ಪ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಸಂಜೆ ಮನೆಗೆ ಬಂದರೆ ಅವನ ಅಂಗಿಯಿಂದ, ತಲೆಗೂದಲಿನಿಂದ ತೌಡಿನ ಘಮ ಬರುತ್ತಿತ್ತು. ನೆಲ್ಲಿನ ಊರು ಅದು, ಸುತ್ತ ಬರೀ ಭತ್ತದ ಗದ್ದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅನ್ನ ಮಜ್ಜಿಗೆ. ಎಲ್ಲರದೂ ಮುಗಿದ ಮೇಲೆ ಅವ್ವ ಊಟಕ್ಕೆ ಕೂರುತ್ತಿದ್ದಳು. ಬೋಗುಣಿಯಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ ಅವಳ ಊಟ. ಒಂದು ತುತ್ತು ಉಳಿದಿದ್ದರೂ ಸರಿ, ಅರ್ಧ ಬೋಗುಣಿ ಉಳಿದಿದ್ದರೂ ಸರಿ. ಅನ್ನ ಚೆಲ್ಲಬಾರದು, ಅಷ್ಟೆ. ಹಾಗೆ ಉಂಡು ಉಂಡು ಅವ್ವ ದಪ್ಪಗಾಗಿದ್ದಳು. ನನಗಂತೂ ಅದು ಹಬ್ಬ. ಅವಳ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗಿದರೆ ಅಂಥ ಹಾಸಿಗೆ ಯಾವ ರಾಜನ ಮನೆಯಲ್ಲೂ ಇರಲಿಕ್ಕಿಲ್ಲ ಅನ್ನಿಸುತ್ತಿತ್ತು.

ಆ ಹೊಟ್ಟೆಯೊಳಗೇ ಒಂದು ಗಡ್ಡೆ ಬೆಳೆದಿದೆ ಎಂದು ದಸರೆ ಕಳೆದ ಮೇಲೆ ಗೊತ್ತಾಯಿತು. ಅಪ್ಪ ಅವ್ವನನ್ನು ಬಳ್ಳಾರಿಗೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಹಟ ಹಿಡಿದು ನಾನೂ ಬಸ್ಸು ಹತ್ತಿದ್ದೆ. ಆಗ ನಾಲ್ಕನೇ ಕ್ಲಾಸು. ಡಾಕ್ಟರಮ್ಮ ಅವ್ವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗಡ್ಡಿ ಕೆಟ್ಟದ್ದಲ್ಲ ಸಾವಿತ್ರಮ್ಮ, ಆದ್ರ ತೆಗೀಲೇಬೇಕು. ಈ ತೂಕದಾಗ, ಈ ಬಿ.ಪಿ.ಯಾಗ ಮತ್ತಿನ ಇಂಜೆಕ್ಷನ್ ಕೊಡಾಕ ನನಗ ಧೈರ್ಯ ಇಲ್ಲ. ಶಿವರಾತ್ರಿ ಹೊತ್ತಿಗೆ ಮೈ ಇಳಿಸ್ಕೊಂಡು ಬಾ."

"ಹಂಗೇ ಕೊಟ್ರ ಏನಾಗ್ತೈತ್ರಿ?" ಅಪ್ಪ ಕೇಳಿದ.

ಡಾಕ್ಟರಮ್ಮ ಒಮ್ಮೆ ನನ್ನ ಕಡೆ ನೋಡಿ, ಕನ್ನಡಕ ಹಾಕಿಕೊಂಡು ಚೀಟಿ ಬರೆಯತೊಡಗಿದರು. ಆ ನೋಟವೇ ನನಗೆ ಎಲ್ಲವನ್ನೂ ಹೇಳಿತು. ದಪ್ಪ ಇದ್ದವರಿಗೆ ಮತ್ತಿನ ಇಂಜೆಕ್ಷನ್ ಕೊಟ್ಟರೆ ಅವರು ಏಳುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಬಸ್‌ಸ್ಟ್ಯಾಂಡಿನ ಹತ್ತಿರ ಅಪ್ಪ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕೊಡಿಸಿದ. ಬಿಸಿ ಮಿರ್ಚಿಯ ವಾಸನೆಗೆ ಬಾಯಲ್ಲಿ ನೀರೂರಿದರೂ ನಾನು ತಟ್ಟೆ ಸರಿಸಿಬಿಟ್ಟೆ. ನನ್ನ ತಟ್ಟೆಯಲ್ಲಿ ಉಳಿದದ್ದನ್ನು ಅವ್ವನೇ ತಿಂದಳು, ಚೆಲ್ಲಬಾರದಲ್ಲ.

ಅವ್ವ ಮೊದಲು ಹಿಡಿದದ್ದು ತನಗೆ ಗೊತ್ತಿದ್ದ ದಾರಿಯನ್ನು, ಅಂದರೆ ಉಪವಾಸವನ್ನು. ಸೋಮವಾರ ಒಂದಿತ್ತು, ಅದಕ್ಕೆ ಗುರುವಾರ ಸೇರಿತು, ಶನಿವಾರ ಸೇರಿತು. ಹಗಲೆಲ್ಲ ಬರಿ ನೀರು ಕುಡಿದು ಸಂಜೆ ದೀಪ ಹಚ್ಚಿದ ಮೇಲೆ ಫಳಾರ ಮಾಡುತ್ತಿದ್ದಳು. ಫಳಾರವೆಂದರೆ ಒಗ್ಗರಣೆ ಅವಲಕ್ಕಿ, ಶೇಂಗಾ ಉಂಡಿ, ಬಾಳೆಹಣ್ಣು, ಮೇಲೊಂದು ಲೋಟ ಹಾಲು. ಹಸಿದು ಕೂತವಳ ತಟ್ಟೆಗೆ ಅಜ್ಜಿ ಇನ್ನೊಂದು ಉಂಡಿ ಹಾಕುತ್ತಿದ್ದಳು. ಅಪ್ಪನ ತಾಯಿ ನಮ್ಮಜ್ಜಿ, ಕುರುಗೋಡಿನವಳು, ಬಾಯಿ ಜೋರು, ಕರುಳು ಮೆತ್ತಗೆ. ಸೊಸೆ ಸೊರಗಿದರೆ ಅವಳ ಮರ್ಯಾದೆ ಹೋದಂತೆ. "ನೆಲ್ಲಿನ ಊರಾಗ ಇಟ್ಕೊಂಡು ಸೊಸಿಗೆ ಹೊಟ್ಟಿಗೆ ಹಾಕಲಿಲ್ಲ ಅಂತ ನನಗ ಉಗೀತಾರ" ಎನ್ನುತ್ತ ಯಾರಿಗೂ ಕಾಣದಂತೆ ಅನ್ನದ ಅಡಿಯಲ್ಲಿ ಒಂದು ಚಮಚ ತುಪ್ಪ ಬಿಟ್ಟು, ಮೇಲೆ ಸಾರು ಸುರಿದು ಕೊಡುತ್ತಿದ್ದಳು.

ಮೂರನೇ ವಾರವೋ ಏನೋ, ಒಂದು ಗುರುವಾರ ಅವ್ವ ಒಲೆಯ ಮುಂದೆ ಕುಸಿದು ಬಿದ್ದಳು. ಮತ್ತೆ ಬಳ್ಳಾರಿ, ಮತ್ತೆ ಡಾಕ್ಟರಮ್ಮ. ತೂಕ ಇಳಿದಿರಲಿಲ್ಲ, ರಕ್ತ ಮಾತ್ರ ಇಳಿದಿತ್ತು. ಡಾಕ್ಟರಮ್ಮ ಚೆನ್ನಾಗಿ ಬೈದರು.

"ಉಪವಾಸ ಮಾಡು ಅಂತ ನಾನು ಹೇಳಿದ್ನೇನು? ಹೊತ್ತಿಗೆ ಸರಿಯಾಗಿ ಉಣ್ಣು. ಅನ್ನ ಕಡಿಮಿ, ರೊಟ್ಟಿ, ಕಾಳು, ಸೊಪ್ಪು ಹೆಚ್ಚು. ಮತ್ತ ದಿನಾ ಬೆಳಿಗ್ಗೆ ಬಿರುಸಾಗಿ ನಡಿ. ಎಷ್ಟು ಬಿರುಸು ಅಂದ್ರ, ಮಾತಾಡಾಕ ಬರಬೇಕು, ಹಾಡಾಕ ಬರಬಾರದು."

ದಾರಿಯುದ್ದಕ್ಕೂ ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಊರು ಹತ್ತಿರ ಬಂದಾಗ ಅಪ್ಪನಿಗೆ ಮೆಲ್ಲಗೆ ಕೇಳಿದಳು: "ನಡಿ ಅಂತಾರಲ್ರಿ, ಎಲ್ಲಿಗಂತ ನಡೀಲಿ?"

ಆ ಪ್ರಶ್ನೆಗೆ ಪರಿಹಾರ ಸಿಕ್ಕಿದ್ದು ಅಟ್ಟದ ಮೇಲೆ. ಹಳೆಯ ಅಲ್ಯೂಮಿನಿಯಂ ಹಾಲಿನ ಕ್ಯಾನು. ನಮಗೆ ಹಾಲು ಓಣಿಯ ತುದಿಯಲ್ಲೇ ಸಿಗುತ್ತಿತ್ತು. ಆದರೆ ಊರ ಹೊರಗೆ, ಕಾಲುವೆ ದಾಟಿ, ತಾಯಣ್ಣನೆಂಬವನು ಎಮ್ಮೆ ಕಟ್ಟಿದ್ದ. "ಕಾಲುವಿ ಕಡೆ ಹಾಲು ಗಟ್ಟಿ ಇರ್ತಾವಂತ" ಎಂದು ಅವ್ವ ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು. ಮರುದಿನ ನಸುಕಿನಲ್ಲಿ ನನ್ನನ್ನೆಬ್ಬಿಸಿ, ತಲೆಗೆ ಸ್ಕಾರ್ಫು ಕಟ್ಟಿ ಕರೆದುಕೊಂಡು ಹೊರಟಳು.

ಆ ದಾರಿ ಈಗಲೂ ಕಣ್ಣಿಗೆ ಕಟ್ಟಿದೆ. ಕಾಲುವೆಯ ನೀರಿನ ಮೇಲೆ ತೆಳ್ಳಗೆ ಮಂಜು, ಎರಡೂ ಕಡೆ ಗದ್ದೆ, ಕೊಯ್ದ ಹುಲ್ಲಿನ ಹಸಿ ವಾಸನೆ, ದೂರದ ಗಿರಣಿಯಿಂದ ಸುಟ್ಟ ಹೊಟ್ಟಿನ ಹೊಗೆ. ಊರು ದಾಟಿದ್ದೇ ಅವ್ವ ಸೆರಗು ಸಿಕ್ಕಿಸಿ ಬಿರಬಿರನೆ ನಡೆಯತೊಡಗುತ್ತಿದ್ದಳು. ಅವಳ ಸಮಕ್ಕೆ ನಾನು ಓಡಬೇಕು. ನಡುನಡುವೆ ನನ್ನದೊಂದು ಪರೀಕ್ಷೆ ಇರುತ್ತಿತ್ತು: "ಅವ್ವಾ, ಹಾಡು ನೋಡೋಣು." ಅವ್ವ ಬಾಯಿ ತೆರೆದು ಒಂದಕ್ಷರ ಹಾಡಿ ಏದುಸಿರು ಬಿಟ್ಟರೆ ಪಾಸು. ನನಗಿನ್ನೊಂದು ಕೆಲಸವೂ ಇತ್ತು. ಹೆಂಗಸೊಬ್ಬಳು ಹಾಗೆ ದಾಪುಗಾಲು ಹಾಕಿದರೆ ಮನೆಯಲ್ಲಿ ಜಗಳವಾಡಿ ಹೊರಟಿದ್ದಾಳೆ ಅಂದುಕೊಳ್ಳುತ್ತಾರಲ್ಲ? ಅದಕ್ಕೆ ಎದುರಿಗೆ ಯಾರಾದರೂ ಕಂಡರೆ ನಾನು ಕೆಮ್ಮಬೇಕು. ಕೆಮ್ಮಿದ ಕೂಡಲೇ ಅವ್ವ ಸೆರಗು ಬಿಚ್ಚಿ ಹೊದ್ದುಕೊಂಡು, ಹಾಲಿಗೆ ಹೊರಟ ಗೃಹಿಣಿಯಂತೆ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದಳು. ಅವರು ದಾಟಿದ್ದೇ ಮತ್ತೆ ಬಿರಬಿರ. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು.

ನಾಲ್ಕು ದಿನಕ್ಕೆ ತಕರಾರು ಬಂತು. ಗಿರಣಿ ಕೆಲಸಕ್ಕೆ ಹೊರಟ ಮುದುಕರೊಬ್ಬರು ದಾರಿಯಲ್ಲೇ ನಿಂತು, "ದಿನಾ ಕೆಲಸಕ್ಕ ಹೊಂಟಾಗ ಖಾಲಿ ಪಾತ್ರಿ ಎದುರು ತರ್ತೀಯಲ್ಲವ್ವಾ, ನಮಗ ಒಳ್ಳೇದಾಗಬ್ಯಾಡೇನು?" ಎಂದರು. ಅವ್ವನಿಗೆ ಹೌದೆನ್ನಿಸಿತು. ಮರುದಿನದಿಂದ ನಲ್ಲಿಯಲ್ಲಿ ಕ್ಯಾನಿಗೆ ನೀರು ತುಂಬಿಕೊಂಡು ಹೊರಡುವುದು, ಎಮ್ಮೆಗಳ ಬಾನಿಗೆ ಆ ನೀರು ಸುರಿದು ಹಾಲು ಹಾಕಿಸಿಕೊಂಡು ಬರುವುದು. ಹೋಗುವಾಗಲೂ ಭಾರ, ಬರುವಾಗಲೂ ಭಾರ. "ಚಲೋನೇ ಆತು ಬಿಡು" ಎಂದಳು ಅವ್ವ.

ಗಟ್ಟಿ ಹಾಲಿನ ಸುದ್ದಿ ಹಬ್ಬದೆ ಇರುತ್ತದೆಯೇ? ಪಕ್ಕದ ಮನೆಯ ಹುಸೇನ್‌ಬಿ, "ಸಾವಿತ್ರಕ್ಕಾ, ಹೆಂಗೂ ಹೋಗ್ತೀಯಲ್ಲ, ನಮಗೂ ಅರ್ಧ ಲೀಟರ್ ತಾ" ಎಂದಳು. ಎದುರು ಮನೆಯ ಗೌರಮ್ಮನೂ ಅದನ್ನೇ ಕೇಳಿದಳು. ಇನ್ನಷ್ಟು ಮನೆಗಳು ಸೇರಿದವು. ಹಾಲಿನ ಸುಳ್ಳು ಹೇಳಿದವಳು ಹಾಲು ತರದೆ ಇರಲಾರಳು. ಅವ್ವ ಇನ್ನೊಂದು ಕ್ಯಾನು ಕೊಂಡು, ಎರಡೂ ಕೈಯಲ್ಲಿ ಹಿಡಿದು, ಹಣೆಯ ಬೆವರು ತೋಳಿಗೆ ಒರೆಸಿಕೊಳ್ಳುತ್ತ ಓಣಿಗೆಲ್ಲ ಹಾಲು ಹಂಚಿದಳು.

ಆ ವರ್ಷ ಚಳಿ ಜೋರಿತ್ತು. ಚಳಿಗೆ ಮೊಸರು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಯಾರಿಗೆ ಗೊತ್ತಿಲ್ಲ? ಆದರೆ ಗೌರಮ್ಮನ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಒಂದು ಬೆಳಿಗ್ಗೆ ಅವ್ವ ನಲ್ಲಿಯ ಕೆಳಗೆ ಕ್ಯಾನು ಹಿಡಿದಿದ್ದಾಗ ಅವಳು ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ನನ್ನ ಮೊಸರು ಯಾಕ ನೀರು ನೀರು ಆಗಾಕತ್ತೈತಿ ಅಂತ ಈಗ ತಿಳೀತು ನೋಡು. ಹಾಲಿನ ಕ್ಯಾನಿಗೆ ಇಲ್ಲೇ ನೀರು ತುಂಬ್ಕೊಂಡು ಹೊಂಟಾಳ!"

ನೀರಿಗೆ ಬಂದವರೆಲ್ಲ ತಿರುಗಿ ನೋಡಿದರು. ಕೊಡಗಳು ತುಂಬಿ ಚೆಲ್ಲುತ್ತಿದ್ದರೂ ಯಾರೂ ಎತ್ತಲಿಲ್ಲ. ಅವ್ವನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಅವಳು ಅಳುತ್ತಾಳೆ, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ನಾಳೆಯಿಂದ ಹೊರಗೆ ಬರುವುದಿಲ್ಲ, ಶಿವರಾತ್ರಿಗೆ ಮತ್ತಿನ ಇಂಜೆಕ್ಷನ್ ಕೊಟ್ಟರೆ ಏಳುವುದಿಲ್ಲ. ಇಷ್ಟೂ ಒಂದೇ ಸಲ ನನ್ನ ಎದೆಯಲ್ಲಿ ಹಾದುಹೋಗಿ, ನಾನೇ ಬಿಕ್ಕಿಬಿಕ್ಕಿ ಅಳತೊಡಗಿದೆ.

"ಜಡ್ಡು ಆಗೇತ್ರಿ ನಮ್ಮವ್ವಗ. ಸಾಯ್ತಾಳ್ರೀ ಅಕಿ!"

ಅವ್ವ ಬಗ್ಗಿ ನನ್ನ ಮೂಗು ಒರೆಸಿದಳು. ಆಮೇಲೆ ನೆಟ್ಟಗೆ ನಿಂತು ಗೌರಮ್ಮನ ಮುಖ ನೋಡಿ ಹೇಳಿದಳು:

"ನಾನು ಹಾಲಿಗೆ ಹೋಗಾಕತ್ತಿಲ್ಲ ಗೌರಮ್ಮ, ಮೈ ಇಳಿಸಾಕ ಹೋಗಾಕತ್ತೀನಿ. ಹೊಟ್ಟ್ಯಾಗ ಗಡ್ಡಿ ಐತಿ. ತೂಕ ಇಳೀದಿದ್ರ ಆಪರೇಷನ್ ಮಾಡಂಗಿಲ್ಲ ಅಂದಾರ. ಖಾಲಿ ಕ್ಯಾನು ಎದುರು ಬಂದ್ರ ಮಂದಿ ಬೈತಾರ, ಅದಕ್ಕ ನೀರು. ಬರಿಗೈಲೆ ನಡದ್ರ ನೀವು ಕೇಳ್ತೀರಿ, ಅದಕ್ಕ ಕ್ಯಾನು."

ಅಷ್ಟರಲ್ಲಿ ನಮ್ಮ ಬಾಗಿಲಿನಿಂದ ಅಜ್ಜಿ ಇಳಿದು ಬಂದಳು. ಈಗ ಇವಳ ಪಾಲಿನ ಬೈಗುಳ ಶುರು ಅಂದುಕೊಂಡೆ. ಗಡ್ಡೆಯ ಸುದ್ದಿ, ಮೈ ಇಳಿಸುವ ಸುದ್ದಿ ಓಣಿಗೆ ಗೊತ್ತಾಗಬಾರದೆಂದು ಮನೆಯಲ್ಲಿ ಎಲ್ಲರ ಬಾಯಿಗೂ ಬೀಗ ಹಾಕಿದವಳು ಅವಳೇ. ಅಜ್ಜಿ ಅವ್ವನ ಕೈಯಿಂದ ಕ್ಯಾನು ತೆಗೆದುಕೊಂಡು, ನೀರೆಲ್ಲ ಗಟಾರಕ್ಕೆ ಸುರಿದಳು.

"ನಾಳೆಯಿಂದ ಬರಿಗೈಲೇ ಹೋಗು. ಎಲ್ಲಿಗ ಹೊಂಟೀ ಅಂತ ಯಾರರ ಕೇಳಿದ್ರ, ನಮ್ಮತ್ತಿ ಕಳಿಸ್ಯಾಳ ಅನ್ನು."

ಗೌರಮ್ಮ ಕಣ್ಣೊರೆಸಿಕೊಂಡು, "ನನಗೇನು ಗೊತ್ತಿತ್ತವ್ವಾ" ಎಂದಳು. ಹುಸೇನ್‌ಬಿ ತನ್ನ ಮೊಣಕಾಲು ಸವರಿಕೊಂಡು, "ನನ್ನ ಮೊಣಕಾಲೂ ಕೂತ್ರ ಏಳಾಕ ಒಲ್ಲವು ಅಕ್ಕಾ. ನಾಳೆ ನನ್ನನ್ನೂ ಎಬ್ಬಿಸು" ಎಂದಳು.

ಹಾಗೆ ಶುರುವಾಯಿತು. ಮೊದಲು ಹುಸೇನ್‌ಬಿ, ಆಮೇಲೆ ನಾಚುತ್ತ ನಾಚುತ್ತ ಗೌರಮ್ಮ, ಆಮೇಲೆ ನಮ್ಮ ಓಣಿಯ ಅರ್ಧ ಹೆಂಗಸರು ಕಾಲುವೆಯ ದಾರಿ ಹಿಡಿದರು. ಅಷ್ಟು ಮಂದಿ ಮಾತಾಡುತ್ತ ಬಂದರೆ ಎದುರಿಗೆ ಬಂದ ಗಂಡಸರೇ ಬದಿಗೆ ಸರಿದು ಕೆಮ್ಮುತ್ತಿದ್ದರು. ಮನೆಯೊಳಗೂ ಕಾರುಬಾರು ಬದಲಾಯಿತು. "ಬಡತನದಾಗ ತಿಂದದ್ದು ಸಾಕು" ಎಂದು ಜೋಳವನ್ನು ಅನ್ನದ ಮನೆಯೊಳಗೆ ಬಿಟ್ಟುಕೊಳ್ಳದಿದ್ದ ಅಜ್ಜಿ ಕುರುಗೋಡಿನಿಂದ ತಾನೇ ಜೋಳ ತರಿಸಿದಳು. ಸಂಜೆ ಅವಳು ರೊಟ್ಟಿ ಬಡಿಯುವ ಸದ್ದಿಗೆ ನಾವು ಆಟ ಬಿಟ್ಟು ಓಡಿ ಬರುತ್ತಿದ್ದೆವು. ಬಿಸಿ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯ, ಒಂದಿಷ್ಟು ಗುರೆಳ್ಳು ಪುಡಿ. ಅವ್ವ ಎಲ್ಲರ ಜೊತೆಗೇ ಕೂತು ಉಣ್ಣತೊಡಗಿದ್ದು ಆಗಿನಿಂದ. ಬೋಗುಣಿಯಲ್ಲಿ ಉಳಿದ ಅನ್ನ ಓಣಿಯ ದನಗಳ ಬಾನಿಗೆ ಹೋಗುತ್ತಿತ್ತು. ರವಿಕೆಗಳು ಸಡಿಲವಾದವು. ಬಳೆಗಳು ಮೊಣಕೈಯ ತನಕ ಜಾರುವಂತಾದವು.

ಶಿವರಾತ್ರಿ ಕಳೆದು ಡಾಕ್ಟರಮ್ಮ ತೂಕ ನೋಡಿ ನಕ್ಕರು. ಆಪರೇಷನ್ ದಿನ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಅಜ್ಜಿಯ ಸೆರಗು ಹಿಡಿದು ಕೂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಒಳಗೆ ಬಿಟ್ಟರು. ಅವ್ವ ಕಣ್ಣು ಮುಚ್ಚಿ ಮಲಗಿದ್ದಳು. ಕರೆಯಲು ಧೈರ್ಯವಾಗಲಿಲ್ಲ. ಏನು ಮಾಡಬೇಕೆಂದು ತೋಚದೆ ಮೆಲ್ಲಗೆ ಕೆಮ್ಮಿದೆ. ಅವ್ವನ ಕೈ ಹಾಸಿಗೆಯ ಮೇಲೆ ಸೆರಗನ್ನು ಹುಡುಕಿತು.

ಈಗ ನಾನು ಬಳ್ಳಾರಿಯ ಗಾಂಧಿನಗರದಲ್ಲಿದ್ದೇನೆ. ದಿನಾ ನಡೆಯುತ್ತೇನೆ, ಹೆಜ್ಜೆ ಎಣಿಸುವ ವಾಚು ಕೈಯಲ್ಲಿದೆ, ಕಿವಿಯಲ್ಲಿ ಹಾಡಿದೆ. ಬರಿಗೈಯಲ್ಲಿ ಎಷ್ಟು ದೂರ ಹೋದರೂ ಎಲ್ಲಿಗೆ ಹೊಂಟೀ ಎಂದು ಕೇಳುವವರಿಲ್ಲ. ಅಂದು ಶಾಪದಂತಿದ್ದ ಆ ಪ್ರಶ್ನೆಯನ್ನು ಯಾರಾದರೂ ಕೇಳಲಿ ಅಂತ ಈಗ ಕೆಲವು ಬೆಳಗುಗಳಲ್ಲಿ ಅನ್ನಿಸುತ್ತದೆ. ಅಪ್ಪ, ಅಜ್ಜಿ ಹೋಗಿ ಬಹಳ ಕಾಲವಾಯಿತು. ಅವ್ವ ನನ್ನ ಜೊತೆಗಿದ್ದಾಳೆ. ಹೋದ ಮಳೆಗಾಲದಲ್ಲಿ ಬಂದ ಜ್ವರ ಅವಳನ್ನು ಹಿಂಡಿ ಹಾಕಿತು. ಈಗಿನ ಡಾಕ್ಟರು ಪ್ರತಿ ಸಲ ತೂಕ ನೋಡಿ, "ಏರಬೇಕಮ್ಮಾ, ಏರಬೇಕು" ಎನ್ನುತ್ತಾರೆ. ಅವಳ ತೂಕ ಇಳಿಯಲಿ ಎಂದು ಕಂಡಕಂಡ ದೇವರಿಗೆಲ್ಲ ಕೈಮುಗಿದ ಹುಡುಗಿ ನಾನೇ. ಇವತ್ತು ರೊಟ್ಟಿಯ ಮಡಿಕೆಯೊಳಗೆ ಅವಳಿಗೆ ಕಾಣದಂತೆ ತುಪ್ಪ ಸವರುತ್ತೇನೆ. "ನಿಮ್ಮಜ್ಜಿ ಕೈ ಬಂದೈತಿ ನಿನಗ" ಎಂದು ಅವ್ವ ಅರ್ಧ ರೊಟ್ಟಿ ಬಿಟ್ಟು ಎದ್ದುಬಿಡುತ್ತಾಳೆ. ತಟ್ಟೆಯಲ್ಲಿ ಅನ್ನ ಚೆಲ್ಲದವಳು ಈಗ ಚೆಲ್ಲುತ್ತಾಳೆ.

ನಿನ್ನೆ ಬೆಳಿಗ್ಗೆ ಅವಳನ್ನು ಮನೆಯ ಮುಂದಿನ ರಸ್ತೆಯಲ್ಲಿ ನಡೆಸುತ್ತಿದ್ದೆ. ಅವಳ ಕೈ ನನ್ನ ಹೆಗಲ ಮೇಲಿತ್ತು. ಇದೆಯೋ ಇಲ್ಲವೋ ಎಂದು ತಿರುಗಿ ನೋಡಬೇಕು, ಅಷ್ಟು ಹಗುರ. ಎದುರಿಗೆ ಯಾರೋ ಬಂದರು. ಏನನ್ನಿಸಿತೋ, ನಾನು ಕೆಮ್ಮಿದೆ.

ಅವ್ವ ನಿಂತಳು. ಬೊಚ್ಚುಬಾಯಿ ಅಗಲಿಸಿ ನಕ್ಕಳು.

"ಇನ್ನೆಷ್ಟು ಮೆಲ್ಲಕ ನಡೀಲೇ ನಾನು?"