ಟೀ ಹೊತ್ತಿನ ವಿಮಾನ

ಚೆಟ್ಟಳ್ಳಿಯ ನಮ್ಮ ಕಾಫಿ ತೋಟದ ಮೇಲೆ ದಿನಾ ಸಂಜೆ ಒಂದು ವಿಮಾನ ಬಿಳಿ ಗೆರೆ ಎಳೆದುಕೊಂಡು ಹೋಗುತ್ತದೆ. ಕಾಫಿ ಹಣ್ಣು ಕೀಳುವ ಪಿಕಿಂಗ್ ದಿನಗಳಲ್ಲಿ ಅದೇ ನಮ್ಮ ಗಡಿಯಾರ. ಅದು ಕಂಡ ಮೇಲೆಯೇ ಚಿಕ್ಕಮ್ಮ ಕೆಲಸದವರ ಟೀಗೆ ನೀರಿಡುವುದು. ಒಮ್ಮೆ ಮೊಬೈಲಿನಲ್ಲಿ ನೋಡಿ ಹೇಳಿದ್ದೆ, ಅದು ಜೆಡ್ಡಾದಿಂದ ಕ್ವಾಲಾಲಂಪುರಕ್ಕೆ ಹೋಗುವ ವಿಮಾನ, ಸುಮಾರು ಏಳು ಸಾವಿರ ಕಿಲೋಮೀಟರು, ಒಂಬತ್ತು ಗಂಟೆಯ ದಾರಿ ಎಂದು.

"ಅಷ್ಟೊತ್ತೂ ಕೂತೇ ಇರ್ತಾರಾ? ಪಾಪ," ಎಂದಿದ್ದರು ಚಿಕ್ಕಮ್ಮ.

ಕಳೆದ ಪಿಕಿಂಗ್ ಸಮಯದಲ್ಲಿ ಜೆಡ್ಡಾದ ಅಕ್ಕನ ಮನೆಗೆ ಹೋಗಿದ್ದವಳು, ಅಲ್ಲಿಂದ ಕ್ವಾಲಾಲಂಪುರಕ್ಕೆ ಅದೇ ವಿಮಾನ ಹತ್ತಿದೆ. ಚಿಕ್ಕಮ್ಮನಿಗೆ ಹೇಳಿರಲಿಲ್ಲ. ವಿಮಾನ ಹೊರಟದ್ದೇ ತಡವಾಗಿ. ಸಮುದ್ರದ ಮೇಲೆ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಎದುರಿನ ಪರದೆಯ ನಕ್ಷೆಯಲ್ಲಿ ಪುಟ್ಟ ವಿಮಾನವೊಂದು ನಮ್ಮ ಬೆಟ್ಟಗಳ ಮೇಲೆ ತೇಲುತ್ತಿತ್ತು. ಕಿಟಕಿಗೆ ಹಣೆ ಹಚ್ಚಿದೆ. ತೆಳು ಮೋಡದ ಸಂದಿಯಲ್ಲಿ ಕಪ್ಪು ಹಸಿರು. ಮನೆ ಎಲ್ಲಿ, ಕಾಫಿ ಒಣಗಿಸುವ ಕಣ ಎಲ್ಲಿ, ಒಂದೂ ತಿಳಿಯಲಿಲ್ಲ. ನೋಡನೋಡುತ್ತ ಇಡೀ ಕೊಡಗು ಹಿಂದೆ ಸರಿಯಿತು. ಮತ್ತೆ ಕಣ್ಣು ಮುಚ್ಚಿತು. ನಿಜಕ್ಕೂ ಊರ ಮೇಲೆ ಬಂದಿದ್ದೆನೋ, ಕನಸು ಕಂಡೆನೋ ಎಂಬ ಅನುಮಾನ ಇಳಿದ ಮೇಲೂ ಹೋಗಲಿಲ್ಲ.

ಮರುದಿನ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ನಿನ್ನೆ ಆ ವಿಮಾನ ಬರೋದೇ ಲೇಟಾಯ್ತು ಕಣೇ," ಎಂದರು. "ಎಲ್ಲರೂ ಅದನ್ನ ಬೈಕೊಂಡೇ ಟೀ ಕುಡಿದ್ರು."