ಆಕೆ ಎರಡನೇ ಸಲ ಕೇಳಿದಳು

ನರ್ಸ್ ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ನಾನು ನಿಜ ಹೇಳಲಿಲ್ಲ. ಬೆಳಗಾಗುವುದರೊಳಗೆ ಅಕ್ಕ ಸತ್ತಳು. ಇನ್ನು ಮುಂದೆ ಬರೆದದ್ದನ್ನು ನಂಬುವುದು ಬಿಡುವುದು ನಿಮ್ಮಿಷ್ಟ. ಆದರೆ ಆ ಬೆಂಚಿನ ಮೇಲೆ ಕೂತಿದ್ದವನು ನಾನು. ಕಣ್ಣೂ ನನ್ನವೇ, ಕಿವಿಯೂ ನನ್ನವೇ.

ನಾನು ಭರಮಾ. ಬೆಳಗಾವಿಯ ಪೀರನವಾಡಿಯಲ್ಲಿದ್ದು ಟೆಂಪೊ ಓಡಿಸುತ್ತೇನೆ. ಪದ್ದಕ್ಕ ಖಾನಾಪುರದಲ್ಲಿ ಒಬ್ಬಳೇ ಇದ್ದಳು, ಹಂಚಿನ ಕಾರ್ಖಾನೆಯಲ್ಲಿ ಕೆಲಸ. ನಮ್ಮವ್ವನೂ ಸಾಯುವವರೆಗೆ ಅಲ್ಲಿಯೇ ಮಣ್ಣು ತುಳಿದವಳು.

ಅಕ್ಕನ ಒಂದು ಚಾಳಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನನ್ನು ನೋಡಬೇಕೆನಿಸಿದಾಗ ಫೋನು ಮಾಡಿ, "ಎದಿ ಹಿಡದೈತಿ, ಲಗೂನ ಬಾ" ಅನ್ನುವಳು. ಕೆಲಸ ಬಿಟ್ಟು ಓಡಿದರೆ, ಹೋಳಿಗೆ ಮಾಡಿಟ್ಟುಕೊಂಡು ನಗುತ್ತ ಕೂತಿರುವಳು.

"ಹಂಗ ಕರದ್ರ ಎಲ್ಲಿ ಬರ್ತಿ ಲೇ ನೀ?"

ಎರಡು ಸಲ ಹೀಗಾಯಿತು. ಎರಡನೇ ಸಲ ತಾಟು ಮುಟ್ಟದೆ ಎದ್ದು ಬಂದೆ.

ಆ ಸಂಜೆ ಫೋನು ಮಾಡಿದ್ದು ಬಾಜು ಮನೆಯ ಹಸೀನಾ ಚಾಚಿ. ಒಡೆದ ಹಂಚು ಚುಚ್ಚಿ ಅಕ್ಕನ ಕಾಲು ಬಾತಿದೆ, ಮೈ ಕೆಂಡವಾಗಿದೆ ಅಂದಳು. ಹೋದೆ. ಸಿಟ್ಟಿನಲ್ಲೇ ಹೋದೆ. ಅಕ್ಕನನ್ನು ಟೆಂಪೊ ಹತ್ತಿಸಿಕೊಂಡು ಬೆಳಗಾವಿಯ ಆಸ್ಪತ್ರೆಗೆ ಹೊರಡುವಾಗ ಕತ್ತಲಾಗಿತ್ತು.

"ಮಳಿ ಬಂತು... ಹಸಿ ಹಂಚು ಒಳಗ ತಗೋರಿ..." ದಾರಿಯುದ್ದಕ್ಕೂ ಅದೇ ಮಾತು. ಹೊರಗೆ ಒಂದು ಹನಿಯೂ ಇರಲಿಲ್ಲ. ಆಮೇಲೆ ನನ್ನನ್ನೇ ದಿಟ್ಟಿಸಿ, "ನೀವು ಯಾರ ಪೈಕಿ ರೀ?" ಅಂದಳು.

ಇದು ನಾಟಕ ಅಲ್ಲ ಅಂತ ಆಗಲೇ ಗೊತ್ತಾಯಿತು. ಆದರೆ ಸಿಟ್ಟು ಮೇಲೆ ಬಂದು ಕೂತಿತು. "ಸಾಕು ಮಾಡು ನಿನ್ನ ಆಟ" ಅಂದೆ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಬ್ಬ ಎಳೆಯ ನರ್ಸ್ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಅಕ್ಕನ ಉಸಿರು ಎಣಿಸಿದಳು. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ನಂತರ ನನ್ನ ಕಡೆ ತಿರುಗಿದಳು.

"ಇವ್ರು ಯಾವಾಗ್ಲೂ ಹಿಂಗ ಮಾತಾಡ್ತಾರೇನ್ರೀ, ಇಲ್ಲಾ ಇವತ್ತ ಹಿಂಗಾಗೈತೇನು?"

"ಹುಟ್ಟಿದಾಗಿಂದ ಹಿಂಗ ಅದಾಳ್ರೀ."

ನಾನು ನಕ್ಕೆ ಕೂಡ. ಅವಳು ಹಾಗೆಯೇ ಬರೆದುಕೊಂಡಳು. ಡಾಕ್ಟರು ಅಪಘಾತದವರನ್ನು ನೋಡಿ ಬರುತ್ತಾರೆ, ಅಲ್ಲಿಯವರೆಗೆ ಹೊರಗೆ ಕೂಡಿ ಅಂದಳು.

ಉದ್ದನೆಯ ಓಣಿಯಂಥ ಜಾಗ. ಒಂದು ಬೆಂಚು. ಫಿನಾಯಿಲಿನ ವಾಸನೆ, ಟ್ಯೂಬ್‌ಲೈಟಿನ ಗುಂಯ್ ಅನ್ನುವ ಸದ್ದು, ಪಕ್ಕದಲ್ಲಿ ಅಕ್ಕನ ಉಸಿರು... ಬೇಗ ಬೇಗ, ಓಡಿ ಬಂದವರ ಹಾಗೆ. ನಾನು ಮೊಬೈಲಿನಲ್ಲಿ ಮುಖ ಹುದುಗಿಸಿದೆ.

ಇದ್ದಕ್ಕಿದ್ದಂತೆ ಫಿನಾಯಿಲಿನ ವಾಸನೆ ಹೋಯಿತು. ಹಸಿ ಮಣ್ಣಿನ ವಾಸನೆ... ಅದರ ಹಿಂದೆ ಹಂಚು ಸುಡುವ ಭಟ್ಟಿಯ ಹೊಗೆ.

"ಆಕಿ ಯಾವಾಗ್ಲೂ ಹಿಂಗ ಮಾತಾಡ್ತಾಳೇನು? ವಿಚಾರ ಮಾಡಿ ಹೇಳು."

ವಯಸ್ಸಾದ ಹೆಣ್ಣುಧ್ವನಿ, ಒಡಕಲು. ನಾನು ತಲೆ ಎತ್ತಲಿಲ್ಲ. ಮೊಬೈಲಿನ ಆಚೆ, ನೆಲದ ಮೇಲೆ ಎರಡು ಪಾದ ಕಂಡವು. ಬರಿಗಾಲು. ಬೆರಳ ಸಂದಿಯಲ್ಲಿ ಒಣಗಿದ ಬಿಳಿ ಮಣ್ಣು. ಯಾರೋ ಆಯಾ ಇರಬೇಕು ಅಂದುಕೊಂಡೆ.

"ಒಮ್ಮಿ ಹೇಳೇನಲ್ಲ? ಆಕಿ ಇರೂದ ಹಂಗ."

ಪಾದಗಳು ಕದಲಲಿಲ್ಲ. ಆಮೇಲೆ ನನ್ನ ನೆತ್ತಿಯ ಮೇಲೆ ಯಾರೋ ನಿಟ್ಟುಸಿರು ಬಿಟ್ಟಂತಾಯಿತು. ತಣ್ಣಗೆ.

ತಲೆ ಎತ್ತಿದರೆ ಓಣಿ ಖಾಲಿ. ಅಷ್ಟು ಬೇಗ ಮರೆಯಾಗಲು ಹತ್ತಿರ ಬಾಗಿಲೂ ಇಲ್ಲ. ಅಕ್ಕ ಮಾತ್ರ ಬೆಂಚಿನ ತುದಿಗೆ ಸರಿದು, ಪಕ್ಕದ ಖಾಲಿ ಜಾಗವನ್ನು ಸೆರಗಿನಿಂದ ಒರೆಸುತ್ತಿದ್ದಳು. "ಕುಂದ್ರು" ಅಂದಳು. ನನಗಲ್ಲ.

ಆಗಲಾದರೂ ಎದ್ದು ಓಡಬೇಕಿತ್ತು. ಓಡಲಿಲ್ಲ. ಅಕ್ಕ ಬೆಂಚಿನಿಂದ ಜಾರಿದಾಗ ಓಡಿದೆ.

ನಸುಕಿನಲ್ಲಿ ಡಾಕ್ಟರು ಹೊರಗೆ ಬಂದರು. ಏನು ಹೇಳಿದರೋ ಪೂರ್ತಿ ಕೇಳಲಿಲ್ಲ. "ಯಾಕ ಕುಂದರಿಸಿದ್ರಿ ಹೊರಗ?" ಅಂತ ಗೋಡೆಗೆ ಗುದ್ದಿ ಕೂಗಿದೆ. ಆ ಎಳೆಯ ನರ್ಸ್ ತಗ್ಗಿದ ಧ್ವನಿಯಲ್ಲಿ ಅಂದಳು:

"ನಂಜು ಏರೈತೇನಂತ ಉಸಿರು, ಬಿಪಿ, ಬುದ್ಧಿ ಸ್ಥಿಮಿತ ಮೂರೂ ನೋಡ್ತೀವ್ರಿ. ಉಸಿರೊಂದ ಜಾಸ್ತಿ ಇತ್ತು. ಬುದ್ಧೀನೂ ಇವತ್ತ ತಪ್ಪೈತಿ ಅಂದಿದ್ರ ಅವಾಗ ಒಳಗ ತಗೋತಿದ್ವಿ. ನಾವು ಅವರ್ನ ಇವತ್ತ ನೋಡೀವಿ, ನೀವು ಹುಟ್ಟಿದಾಗಿಂದ ನೋಡೀರಿ. ಅದಕ್ಕ ನಿಮ್ಮನ್ನ ಕೇಳಿದ್ದು."

ಗುದ್ದಬೇಕಾದವನು ಒಬ್ಬನೇ ಉಳಿದ. ನಾನು.

"ಮತ್ತ ಆ ಮುದುಕಿ ಯಾಕ ಇನ್ನೊಮ್ಮಿ ಕೇಳಿದ್ಲು?"

"ಯಾವ ಮುದುಕಿ ರೀ? ರಾತ್ರಿಯೆಲ್ಲಾ ಈ ಕಡೆ ನಾ ಒಬ್ಬಾಕೀನ ಇದ್ದೆ."

ಬೆಂಚಿನ ಮುಂದೆ ನೆಲದ ಮೇಲೆ ಎರಡು ಬಿಳಿ ಹೆಜ್ಜೆ ಗುರುತು ಇದ್ದವು. ಬಂದ ಗುರುತಿಲ್ಲ, ಹೋದ ಗುರುತಿಲ್ಲ... ಎರಡೇ. ನಾನು ನೋಡುತ್ತಿದ್ದಂತೆಯೇ ಕಸ ಹೊಡೆಯುವವಳು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟಳು.

ಹೋದ ವಾರ ಖಾನಾಪುರದಿಂದ ಖಾಲಿ ಟೆಂಪೊ ತರುತ್ತಿದ್ದೆ. ಡೀಸೆಲ್ ವಾಸನೆ ಹೋಗಿ ಹಸಿ ಮಣ್ಣಿನ ವಾಸನೆ ಬಂತು. ಅಕ್ಕ ಕೂತಿದ್ದ ಸೀಟಿನ ಕಡೆ ತಿರುಗುವ ಧೈರ್ಯ ಆಗಲಿಲ್ಲ.

"ಆಕಿ ಯಾವಾಗ್ಲೂ ಹಿಂಗ ಮಾತಾಡ್ತಾಳೇನು?"

ಅವ್ವನ ಧ್ವನಿಯೋ ಅಕ್ಕನದೋ, ಇವತ್ತಿಗೂ ಹೇಳಲಾರೆ. ಗಾಡಿ ನಿಲ್ಲಿಸಿದೆ.

"ಇಲ್ಲ," ಅಂದೆ, ಗಟ್ಟಿಯಾಗಿ. "ಎಂದೂ ಹಂಗ ಮಾತಾಡಿದಾಕಿ ಅಲ್ಲ. ನನಗ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟಿಗೆ ಸುಳ್ಳು ಹೇಳಿದೆ. ತಪ್ಪಾತು, ಅಕ್ಕಾ... ನನ್ನದ ತಪ್ಪಾತು."