ಲೋಂಡಾದ ಸೀತಾಳೆಯ ವಾಸನೆ ಕೆಡಿಸಲು ಹೋದದ್ದು

ಎರಡು ಸಾವಿರದ ಇಸವಿಯ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಕೊಡೆ, ಭೂತಗನ್ನಡಿ ಹಿಡಿದು ಬೆಳಗಾವಿಯ ಶಿವಬಸವ ನಗರದ ಮನೆಯಿಂದ ಹೊರಟೆ. ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ನನಗಿಂತ ಹನ್ನೆರಡು ವರ್ಷ ಕಿರಿಯನಾದ ಮಹಾಂತೇಶ ಲೋಂಡಾದ ಹತ್ತಿರ ಒಂದು ಬಿಳಿ ಸೀತಾಳೆ, ಅಂದರೆ ಆರ್ಕಿಡ್, ಕಂಡಿದ್ದ. ಹಗಲೆಲ್ಲ ಅದಕ್ಕೆ ವಾಸನೆಯಿಲ್ಲ, ಹೊತ್ತು ಮುಳುಗಿದಾಗ ಪತಂಗಗಳನ್ನು ಕರೆಯಲು ಘಮಘಮಿಸುತ್ತದೆ ಎಂದು ಲೇಖನ ಬರೆದಿದ್ದ. ಮರುದಿನ ಧಾರವಾಡದ ಹಿರಿಯ ಪ್ರೊಫೆಸರರು ಬಂದು ಮೂಸಿ ಒಪ್ಪಿದರೆ ಅದು ಅಚ್ಚಾಗುತ್ತಿತ್ತು. ಇಪ್ಪತ್ತು ವರ್ಷ ಪಾಠ ಹೇಳಿದ ನನ್ನದು ಒಂದು ಸಾಲೂ ಅಚ್ಚಾಗಿರಲಿಲ್ಲ. ನನಗೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಕೊಟ್ಟು ಪ್ರಯೋಜನವಿಲ್ಲ.

"ಸರ್, ನೀವು ಒಂದಿನಾ ಮೊದಲ ಹೋಗಿ ಗಿಡಾ ನೋಡಿ ಇಡ್ರಿ. ದನಾ ತಿಂದ್ರ ಕೆಲಸ ಕೆಡ್ತದ. ನಿಮ್ಮನ್ನ ಬಿಟ್ಟು ಯಾರ್ನ ನಂಬ್ಲಿ?" ಎಂದು ಅವನೇ ನಕ್ಷೆ ಬರೆದುಕೊಟ್ಟಿದ್ದ.

ಪ್ಯಾಸೆಂಜರ್ ಗಾಡಿಯ ಟಿಕೆಟ್ಟು ಹತ್ತು ರೂಪಾಯಿ ದಾಟಲಿಲ್ಲ. ದೇಸೂರು ಬಿಟ್ಟಮೇಲೆ ಮಳೆ ಹಿಡಿಯಿತು. ಎದುರಿಗೆ ಕೂತಿದ್ದ ಬೀಡಿ ಊರಿನ ರೈತ ನನ್ನ ಭೂತಗನ್ನಡಿ ನೋಡಿ, "ವಾಚ್ ರಿಪೇರಿ ಮಾಡ್ತೀರೇನ್ರಿ?" ಎಂದ. ಹೂವು ನೋಡುತ್ತೇನೆ ಎಂದೆ. "ಅದಕ್ಕೂ ಪಗಾರ ಕೊಡ್ತಾರ?" ಎಂದು ಖಾನಾಪುರದಲ್ಲಿ ಇಳಿದುಹೋದ. ನಾನು ಅಲ್ಲೇ ಬಿಸಿ ಭಜಿ ಕೊಂಡು ತಿಂದೆ. ರುಚಿ ಹತ್ತಲಿಲ್ಲ.

ಲೋಂಡಾದಲ್ಲಿ ಇಳಿದು ಒಂದು ತಾಸು ನಡೆದೆ. ಎಮ್ಮೆ ಮೇಯಿಸುತ್ತಿದ್ದ ಗವಳಿಗರ ಜನಾಬಾಯಿ ನಕ್ಷೆಯ ಬಂಡೆ ತೋರಿಸಿದಳು. ಅದರ ಬಾಜು ಮೊಣಕಾಲುದ್ದದ ಗಿಡ, ಒಂದೇ ದಂಟಿಗೆ ಹನ್ನೊಂದು ಬಿಳಿ ಹೂವು. ಮೂಗು ತಾಗಿಸಿದೆ, ಏನೂ ಇಲ್ಲ. ಸಂಜೆಗೂ ಹೀಗೇ ಇದ್ದೀತು ಎಂದು ಖುಷಿಯಾಯಿತು. ಸಂಜೆಯವರೆಗೆ ಕೊಡೆ ಹಿಡಿದು ಕೂತೆ. ಬೆಳಕು ಇಳಿಯುತ್ತಿದ್ದಂತೆ, ನಾನು ಬಗ್ಗುವ ಮೊದಲೇ, ಮಲ್ಲಿಗೆಗೆ ಏಲಕ್ಕಿ ಬೆರೆಸಿದಂಥ ವಾಸನೆ ತಾನಾಗಿ ಬಂತು. ಅವನು ಬರೆದದ್ದು ಖರೇ ಇತ್ತು.

ಎಸಳಿನ ಸಣ್ಣ ಕೋಶಗಳು ಈ ವಾಸನೆ ತಯಾರಿಸುತ್ತವೆ. ಎಷ್ಟೋ ಸೀತಾಳೆಗಳಲ್ಲಿ ಪರಾಗ ಬಿದ್ದೊಡನೆ ಕೆಲಸ ಮುಗಿಯಿತೆಂದು ನಿಲ್ಲಿಸುತ್ತವೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಬೆಂಕಿಕಡ್ಡಿ ತೆಗೆದು ಒಂದು ಹೂವಿಗೆ ತಾಗಿಸಿದೆ. ಪರಾಗದ ಹಳದಿ ಉಂಡೆ ಕಡ್ಡಿಗೆ ಅಂಟಿಕೊಂಡಿತು, ಅದನ್ನು ಮತ್ತೊಂದಕ್ಕೆ ಒತ್ತಿದೆ. ಹೀಗೆ ಹತ್ತು ಹೂವು ಮುಗಿಸಿದೆ. ಅಷ್ಟರಲ್ಲಿ ಹಿಂದೆ ಜನಾಬಾಯಿ ನಿಂತಿದ್ದಳು.

"ಏನ್ ಮಾಡಾಕತ್ತೀರಿ ಸಾಹೇಬ್ರ?"

"ಧೂಳು ಒರಸಾಕತ್ತೇನಿ."

"ಇಂಥಾ ಮಳ್ಯಾಗ?" ಎಂದು ನಕ್ಕು ಎಮ್ಮೆ ಹೊಡೆದುಕೊಂಡು ಹೋದಳು. ನಾನು ಕಡ್ಡಿ ಎಸೆದು ಲೋಂಡಾದ ಲಾಡ್ಜಿಗೆ ಬಂದೆ. ನಾಚಿಕೆಯಾಗಿತ್ತು, ಆದರೂ ನಿದ್ದೆ ಚೆನ್ನಾಗಿ ಬಂತು.

ಮರುದಿನ ಸಂಜೆ ಮಹಾಂತೇಶನ ಜೊತೆ ಬಂದ ಪ್ರೊಫೆಸರರು ಮೊಣಕಾಲೂರಿ ಕೆಳಗಿನಿಂದ ಒಂದೊಂದೇ ಹೂವು ಮೂಸಿದರು. ಹತ್ತು ಮುಗಿದರೂ ಏನಿಲ್ಲ. ಮಹಾಂತೇಶನ ಮುಖ ಸಪ್ಪಗಾಯಿತು. ನನ್ನ ಹೊಟ್ಟೆ ಮಜ್ಜಿಗೆ ಕುಡಿದಷ್ಟು ತಣ್ಣಗಾಯಿತು. ತುದಿಯ ಹನ್ನೊಂದನೆಯ ಹೂವಿಗೆ ಬಂದು ಪ್ರೊಫೆಸರರು ಕಣ್ಣು ಮುಚ್ಚಿದರು. ಬಹಳ ಹೊತ್ತು ಏಳಲಿಲ್ಲ. ಆಮೇಲೆ ನನ್ನ ಭೂತಗನ್ನಡಿ ಕೇಳಿ, ಬ್ಯಾಟರಿ ಬೆಳಕಿನಲ್ಲಿ ಉಳಿದ ಹತ್ತನ್ನೂ ಪರೀಕ್ಷಿಸಿದರು.

"ಮಹಾಂತೇಶ, ಈ ಹತ್ತಕ್ಕೂ ಪರಾಗ ಬಿದ್ದದ, ವಾಸನಿ ನಿಂತದ. ಪತಂಗ ಬರದ ಹೂವು ಇನ್ನೂ ಕರೀಲಿಕತ್ತದ. ಎರಡೂ ಒಂದ ದಂಟಿನ್ಯಾಗ ಸಿಗೂದು ಅಂದ್ರ ಪುಣ್ಯಾ. ಇದನ್ನೂ ಲೇಖನದಾಗ ಸೇರಸು."

ವಾಪಸಿನ ಗಾಡಿಯಲ್ಲಿ ಮಹಾಂತೇಶ ನನ್ನ ಪಕ್ಕದಲ್ಲೇ ಕೂತು ಬರೆಯತೊಡಗಿದ. ಗುಂಜಿ ದಾಟಿದ ಮೇಲೆ ತಲೆ ಎತ್ತಿ, "ಸರ್, ಕೊನೀಗೆ ನಿಮ್ಮ ಉಪಕಾರ ಬರೀಲ್ಯಾ? ಗಿಡಾ ಕಾದ್ರಿ" ಎಂದ.

"ನನ್ನ ಹೆಸರು ಬ್ಯಾಡಪಾ. ಪತಂಗದ ಉಪಕಾರ ಬರಿ."

ಅವನು ನಗುತ್ತ ಹಾಗೆಯೇ ಬರೆದುಕೊಂಡ. ನನ್ನ ಬದುಕಿನ ಒಂದೇ ಒಂದು ಒಳ್ಳೆಯ ಪ್ರಯೋಗ ಹಾಗೆ ಬೇರೆಯವರ ಹೆಸರಿಗೆ ಹೋಯಿತು. ಬೆಳಗಾವಿ ಬರುವವರೆಗೂ, ಬಾರದೇ ಇದ್ದ ಆ ಪತಂಗದ ಮೇಲೆ ನಾನು ಹೊಟ್ಟೆಕಿಚ್ಚು ಪಡುತ್ತ ಕೂತಿದ್ದೆ.